ಪಾಯ್ಸಾನೋ ನಾರ್ಮಲ್ಲೋ, ಹೇಗೆ ಗುರುತಿಸೋದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೇನೆ. 200 ಬಲ್ಬುಗಳಿವೆ, ಪ್ರತಿಯೊಂದೂ ಕೆಟ್ಟಿರುವ ಸಂಭವನೀಯತೆ 0.02. ಕೆಟ್ಟವು ಹೆಚ್ಚೆಂದರೆ 3 ಇರುವ ಸಂಭವನೀಯತೆ ಎಷ್ಟು?

ಸರಾಸರಿ 4 (200 × 0.02) ಅಂತ ಪಾಯ್ಸಾನ್ ವಿತರಣೆ (ಅಪರೂಪದ ಘಟನೆಗಳ ಎಣಿಕೆಗೆ ಬಳಸುವ ಸಂಭವನೀಯತಾ ಸೂತ್ರ) ಹಾಕಿದರೆ 0.4335 ಬರುತ್ತೆ. ನಾರ್ಮಲ್‌ನಲ್ಲಿ (ಎರಡೂ ಬದಿ ಸಮನಾದ, ಗಂಟೆಯಾಕಾರದ ವಿತರಣೆ) ಮಾಡಿದರೆ 0.31ರ ಹತ್ತಿರ. 3ರ ಬದಲು 3.5 ತಗೊಂಡು ನಿರಂತರತೆಯ ತಿದ್ದುಪಡಿ (ಪೂರ್ಣಸಂಖ್ಯೆಯ ಎಣಿಕೆಯನ್ನು ನಿರಂತರ ವಕ್ರರೇಖೆಗೆ ಹೊಂದಿಸೋದು) ಮಾಡಿದ ಮೇಲೂ 0.40ಕ್ಕೇ ನಿಲ್ಲುತ್ತೆ. ಸರಾಸರಿ ಇಷ್ಟು ಚಿಕ್ಕದಿದ್ದಾಗ ವಿತರಣೆಯ ಬಾಲ ಬಲಕ್ಕೆ ಚಾಚಿರುತ್ತಲ್ಲ, ಹಾಗಾಗಿ ಪಾಯ್ಸಾನೇ ಸರಿ ಅನ್ನೋದು ನನ್ನ ಲೆಕ್ಕಾಚಾರ.

ನಿಜವಾದ ಗೊಂದಲ ಇದು: ಅದೇ 0.02 ಬದಲು 0.06 ಕೊಟ್ಟರೆ ಸರಾಸರಿ 12 ಆಗುತ್ತೆ, ಎರಡೂ ವಿಧಾನ ಒಪ್ಪುವಂತೆ ಕಾಣುತ್ತೆ. ಪರೀಕ್ಷೆಯಲ್ಲಿ ಆಗ ಯಾವುದನ್ನು ಹಿಡಿಯೋದು, ಯಾಕೆ? ದಯವಿಟ್ಟು ಬರೀ ಉತ್ತರ ಬೇಡ, ಯೋಚಿಸುವ ದಾರಿ ತಿಳಿಸಿ.