ಬ್ಲಾಕ್ ಮಾಡಿದರೂ ನಿಲ್ಲದ ಸ್ಪ್ಯಾಮ್ ಮೇಲ್

ಪ್ರಶ್ನೆ: ಜಿಮೇಲ್ ತುಂಬ ಲೋನ್, ಲಾಟರಿ ಮೇಲ್‌ಗಳೇ. ಬ್ಲಾಕ್ ಮಾಡಿದರೆ ಮರುದಿನ ಇನ್ನೊಂದು ವಿಳಾಸದಿಂದ ಹಾಜರ್. ಅನ್‌ಸಬ್‌ಸ್ಕ್ರೈಬ್ ಒತ್ತಬಹುದಾ?

ಉತ್ತರ: ಬ್ಲಾಕ್ ತಡೆಯುವುದು ಆ ಒಂದು ವಿಳಾಸವನ್ನು ಮಾತ್ರ. ‘ರಿಪೋರ್ಟ್ ಸ್ಪ್ಯಾಮ್’ ಒತ್ತಿ, ಇಂಥ ಮೇಲ್ ಗುರುತಿಸುವುದನ್ನು ಜಿಮೇಲ್‌ನ ಫಿಲ್ಟರ್ ಕಲಿಯುತ್ತೆ. ಅನ್‌ಸಬ್‌ಸ್ಕ್ರೈಬ್ ಏನಿದ್ದರೂ ನೀವೇ ನೋಂದಾಯಿಸಿದ ಅಂಗಡಿ, ಆ್ಯಪ್‌ಗಳಿಗೆ. ಅಪರಿಚಿತರ ಮೇಲ್‌ನಲ್ಲಿ ಒತ್ತಿದರೆ ಈ ವಿಳಾಸ ಬಳಕೆಯಲ್ಲಿದೆ ಅಂತ ನೀವೇ ಹೇಳಿಕೊಟ್ಟಂತೆ.

ಉತ್ತರ: ಚಿತ್ರಗಳನ್ನೂ ತಡೆಯಿರಿ. ನೀವು ಮೇಲ್ ತೆರೆದಿರೋ ಇಲ್ಲವೋ ಅಂತ ಸ್ಪ್ಯಾಮ್ ಕಳಿಸುವವರು ಪತ್ತೆ ಹಚ್ಚುವುದು ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ ಚಿತ್ರದಿಂದ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್, ಜನರಲ್, ಇಮೇಜಸ್‌ಗೆ ಹೋಗಿ ‘ಕೇಳಿ ತೋರಿಸು’ ಅನ್ನುವ ಆಯ್ಕೆ ಹಾಕಿ. ಪುಟದ ಕೊನೆಯ ‘ಸೇವ್ ಚೇಂಜಸ್’ ಒತ್ತದಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ಉತ್ತರ: ಮುಂದಕ್ಕೆ ಹೊಸ ಸೈಟಿಗೆ ವಿಳಾಸ ಕೊಡುವಾಗ ಆ್ಯಟ್ ಚಿಹ್ನೆಗೆ ಮುಂಚೆ ಪ್ಲಸ್ ಹಾಕಿ ಸೈಟಿನ ಹೆಸರು ಸೇರಿಸಿ. ಮೇಲ್ ನಿಮಗೇ ಬರುತ್ತೆ, ವಿಳಾಸ ಸೋರಿಸಿದವರು ಯಾರೆಂದೂ ತಿಳಿಯುತ್ತೆ. ಕೆಲವು ಸೈಟ್‌ಗಳು ಪ್ಲಸ್ ಒಪ್ಪಲ್ಲ, ಅದೊಂದು ತಲೆನೋವು. ಸ್ಪ್ಯಾಮ್ ಫೋಲ್ಡರ್ 30 ದಿನಕ್ಕೆ ತಾನೇ ಅಳಿಸಿಹಾಕುತ್ತೆ. ಅಷ್ಟರೊಳಗೆ ಒಮ್ಮೆ ಕಣ್ಣಾಡಿಸಿ, ಬೇಕಾದದ್ದೂ ಅಲ್ಲಿ ಬಿದ್ದಿರುತ್ತೆ.