ಶಿವರಾತ್ರಿ ಕಳೆದ ಮೇಲಿನ ಹಿತ್ತಲು: ಸತ್ತದ್ದು ಯಾವುದು, ಮಲಗಿರುವುದು ಯಾವುದು?

ಪ್ರಶ್ನೆ (ಹೊಸನಗರ ತಾಲ್ಲೂಕಿನಿಂದ)

ನಮ್ಮ ಮನೆಯ ಹಿತ್ತಲನ್ನು ನೋಡಿಕೊಳ್ಳುವವರು ಅಮ್ಮ. ತಂಗಿಯ ಬಾಣಂತನಕ್ಕೆಂದು ದೀಪಾವಳಿ ಮುಗಿಸಿಕೊಂಡು ಮೈಸೂರಿಗೆ ಹೋದವರು ಯುಗಾದಿಗೆ ಮರಳಲಿದ್ದಾರೆ. ಅಡಿಕೆ ಕೊಯ್ಲು, ಸುಲಿತಗಳ ಗಡಿಬಿಡಿಯಲ್ಲಿ ನಾನು ಆ ಕಡೆ ತಲೆಹಾಕಿರಲಿಲ್ಲ. ಶಿವರಾತ್ರಿಯ ಮರುದಿನ ಹೋಗಿ ನೋಡಿದರೆ ಅರಿಶಿನದ ಎಲೆಗಳೆಲ್ಲ ಒಣಗಿ ಮಲಗಿವೆ, ಸುವರ್ಣಗಡ್ಡೆಯ ಗುರುತೇ ಇಲ್ಲ, ಕರಿಬೇವು ಅರ್ಧ ಬೋಳಾಗಿದೆ, ದುಂಡುಮಲ್ಲಿಗೆ ಬರೀ ಕಡ್ಡಿಯಾಗಿದೆ, ದಾಸವಾಳದ ಕುಡಿಗಳಿಗೆ ಬಿಳಿಯ ಹಿಟ್ಟಿನಂಥದ್ದು ಮೆತ್ತಿಕೊಂಡಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮನಿಗೆ ಜೀವವಾದ ಡೇರೆ (ಡೇಲಿಯಾ) ಹೂವಿನ ಗಿಡಗಳಲ್ಲಿ ಒಣಗಿದ ದಂಟು ಮಾತ್ರ ಉಳಿದಿದೆ. ಎರಡು ದಿನಗಳಿಂದ ಎಲ್ಲದಕ್ಕೂ ಪೈಪಿನಲ್ಲಿ ನೀರು ಬಿಡುತ್ತಿದ್ದೇನೆ. ಫೋಟೋ ಕಳಿಸಿದರೆ ಅಮ್ಮ ಮರುದಿನದ ಬಸ್ಸಿಗೇ ಹೊರಟುಬಿಡುತ್ತಾರೆಂಬ ಅಂಜಿಕೆಯಿಂದ ಇಲ್ಲಿ ಕೇಳುತ್ತಿದ್ದೇನೆ. ಇವುಗಳಲ್ಲಿ ಉಳಿಯುವುದು ಯಾವುದು?

ಉತ್ತರ 1 (ತೀರ್ಥಹಳ್ಳಿಯಿಂದ)

ಮೊದಲು ಆ ಪೈಪನ್ನು ನಿಲ್ಲಿಸಿರಿ. ನೀವು ಹೇಳಿದ ಗಿಡಗಳಲ್ಲಿ ಅರ್ಧದಷ್ಟು ಸತ್ತಿಲ್ಲ, ಮಲಗಿವೆ. ಮಲಗಿದ ಗಡ್ಡೆಗೆ ನೀರು ಹೊಯ್ದರೆ ಅದು ಏಳುವುದಿಲ್ಲ, ಕೊಳೆಯುತ್ತದೆ. ಅರಿಶಿನದ ಎಲೆ ಒಣಗುವುದೆಂದರೆ ಗಡ್ಡೆ ಬಲಿತಿದೆಯೆಂದೇ ಅರ್ಥ, ಆದ್ದರಿಂದ ಈಗಲೇ ಅಗೆದು ಮನೆಗೆ ಬೇಕಾದಷ್ಟನ್ನು ತೆಗೆದು, ಬಿತ್ತನೆಗೆ ಬೇಕಾದದ್ದನ್ನು ನೆರಳಿನಲ್ಲಿಡಿರಿ. ಸುವರ್ಣಗಡ್ಡೆಯನ್ನೂ ಹುಡುಕಿ ತೆಗೆಯಿರಿ, ಅದನ್ನು ಮತ್ತೆ ನೆಡುವ ಕಾಲ ಇದೇ.

ಡೇರೆಯ ವಿಷಯದಲ್ಲಿ ಮಾತ್ರ ಅವಸರ ಬೇಡ. ದಂಟಿನಿಂದ ಒಂದು ಗೇಣು ದೂರದಲ್ಲಿ ಗುದ್ದಲಿ ಹಾಕಿ, ಗೊಂಚಲನ್ನು ಇಡಿಯಾಗಿ ಎತ್ತಬೇಕು. ಡೇರೆಯ ಕಣ್ಣು ಆಲೂಗಡ್ಡೆಯದರಂತೆ ಗಡ್ಡೆಯ ಮೈಮೇಲೆ ಇರುವುದಿಲ್ಲ. ಹಳೆಯ ದಂಟು ಗಡ್ಡೆಯನ್ನು ಸೇರುವ ಕುತ್ತಿಗೆಯಲ್ಲಿರುತ್ತದೆ. ಕುತ್ತಿಗೆ ಮುರಿದು ಬಂದ ಗಡ್ಡೆ ಎಷ್ಟೇ ದಪ್ಪವಾಗಿದ್ದರೂ ಚಿಗುರುವುದಿಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ನಾನು ಅಂಥವನ್ನೇ ಆರಿಸಿ ಅಕ್ಕಪಕ್ಕದವರಿಗೆ ಹಂಚಿದ್ದೆ, ಆ ಮಾತನ್ನು ಇನ್ನೂ ಕೇಳುತ್ತಿದ್ದೇನೆ. ಎತ್ತಿದ ಗೊಂಚಲನ್ನು ತೊಳೆಯದೆ, ಮಣ್ಣು ಕೊಡವಿ, ಮೆತ್ತಗಾದ ಗಡ್ಡೆಯನ್ನು ಚಿವುಟಿ ತೆಗೆದು, ಗಾಳಿಯಾಡುವ ಜಗಲಿಯ ಮೂಲೆಯಲ್ಲಿ ಒಣ ಮರಳು ಮುಚ್ಚಿ ಇಟ್ಟರೆ ಮುಂಗಾರಿನ ಹೊತ್ತಿಗೆ ತಾನೇ ಮೊಳಕೆ ತೋರುತ್ತದೆ. ಬಣ್ಣದ ಗುರುತು ನಿಮ್ಮ ತಾಯಿಗೆ ತಿಳಿದಿರುತ್ತದೆ, ಆದ್ದರಿಂದ ಯಾವುದನ್ನು ಯಾವ ಸಾಲಿನಿಂದ ತೆಗೆದಿರೆಂದು ಚೀಟಿ ಬರೆದಿಡಿರಿ.

ಕಟ್ಟಿಗೆಯ ಗಿಡಗಳಿಗೆ ಪರೀಕ್ಷೆ ಸುಲಭ. ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರು ಕಂಡರೆ ಜೀವವಿದೆ, ಕಂದು ಕಂಡರೆ ಇನ್ನಷ್ಟು ಕೆಳಗೆ ಬಂದು ಕೆರೆಯಿರಿ. ಕರಿಬೇವು ಚಳಿಗೆ ಎಲೆ ಉದುರಿಸುವುದು ಪ್ರತಿವರ್ಷದ ಮಾತು. ಮಲ್ಲಿಗೆಯನ್ನು ನೀವು ಚಳಿಗಾಲದ ಮೊದಲಲ್ಲೇ ಕೊಂಬೆ ಕತ್ತರಿಸಿ ಸವರಬೇಕಿತ್ತು. ಈಗ ಒಣಕಡ್ಡಿಯನ್ನಷ್ಟೇ ತೆಗೆದು, ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರುಣಿಸಿರಿ.

ಉತ್ತರ 2 (ಶಿವಮೊಗ್ಗ ನಗರದಿಂದ)

ಮಲ್ಲಿಗೆಯ ಬಗ್ಗೆ ಮೇಲಿನವರ ಮಾತನ್ನು ಪೂರ್ತಿ ಒಪ್ಪಲಾರೆ. ನಾನು ಮಾಳಿಗೆಯ ಮೇಲಿನ ಕುಂಡಗಳಲ್ಲಿ ಇದನ್ನು ಎರಡು ಬಾರಿ ಫೆಬ್ರವರಿಯಲ್ಲೇ ಸವರಿದ್ದೇನೆ. ಹೂವು ತಡವಾಯಿತೇ ಹೊರತು ಗಿಡ ಕೆಡಲಿಲ್ಲ. ದಾಸವಾಳಕ್ಕೆ ಹತ್ತಿರುವುದು ಹಿಟ್ಟುತಿಗಣೆ. ಕುಡಿಗಳನ್ನು ಕತ್ತರಿಸಿ ಸುಟ್ಟುಬಿಡಿರಿ; ಉಳಿದ ಗಿಡಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಕಲಸಿ ಸಂಜೆ ಸಿಂಪಡಿಸಿರಿ. ಇರುವೆಗಳ ಸಾಲನ್ನೂ ತಡೆಯಬೇಕು, ಏಕೆಂದರೆ ಸಿಹಿದ್ರವದ ಆಸೆಗೆ ಅವೇ ಈ ತಿಗಣೆಯನ್ನು ಕಾಯುತ್ತವೆ, ಸಾಗಿಸುತ್ತವೆ. ಹಿತ್ತಲಲ್ಲಿ ಮಾವು ಹೂ ಬಿಟ್ಟಿದ್ದರೆ ಅದರ ಮೇಲೆ ಮಾತ್ರ ಏನನ್ನೂ ಸಿಂಪಡಿಸಬೇಡಿರಿ, ಜೇನುನೊಣಗಳು ಬರುವ ಹೊತ್ತು ಇದು.

ಉತ್ತರ 3 (ಸಾಗರದಿಂದ)

ಗಿಡಗಳ ಮಾತು ಆಯಿತು. ನಿಮ್ಮ ಕಾಲಿನ ಮಾತು ಯಾರೂ ಎತ್ತಲಿಲ್ಲ. ಬಿಸಿಲಿಗೆ ಬುಡ ಒಣಗದಂತೆ ಮುಚ್ಚಲು ನೀವು ಈಗ ಬೆಟ್ಟದಿಂದ ದರಗು, ಅಂದರೆ ಉದುರಿದ ಒಣ ಎಲೆ, ತರಲು ಹೊರಡುತ್ತೀರಿ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯ ಕಾಲವೂ ಡಿಸೆಂಬರಿನಿಂದ ಮೇ ತಿಂಗಳವರೆಗಿನದೇ, ಅದನ್ನು ಹರಡುವ ಉಣುಗಿನ ಮರಿಗಳು ಇರುವುದೂ ಆ ತರಗೆಲೆಯಲ್ಲೇ. ಮನೆಯಂಗಳದಲ್ಲಿ ಉದುರಿದ ಹಲಸು, ಮಾವಿನ ಎಲೆಗಳೇ ಸಾಕಾಗುವಾಗ ಕಾಡಿಗೆ ಹೋಗುವ ಅಗತ್ಯವಿಲ್ಲ. ಹೋಗಲೇಬೇಕಾದರೆ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ನೆನೆಹಾಕಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಇಂದು ಬೆಳಿಗ್ಗೆ ಡೇರೆ ಎತ್ತಿದೆ. ಒಂಬತ್ತು ಗೊಂಚಲುಗಳಲ್ಲಿ ಏಳು ಗಟ್ಟಿಯಾಗಿವೆ, ಎರಡು ಮೆತ್ತಗಾಗಿವೆ. ಆ ಎರಡೂ ನಾನು ಪೈಪು ಹಿಡಿದಿದ್ದ ಸಾಲಿನವೇ. ಮಲ್ಲಿಗೆಯನ್ನು ಕೆರೆದಾಗ ಬುಡದಿಂದ ಮೊಳದೆತ್ತರದವರೆಗೆ ಹಸಿರಿದೆ. ಸವರುವುದೋ ಬಿಡುವುದೋ ಎಂದು ಅಮ್ಮನನ್ನೇ ಕೇಳುವುದೆಂದು ನಿಶ್ಚಯಿಸಿ, ಕೊನೆಗೂ ಫೋಟೋ ಕಳಿಸಿದೆ. ಡೇರೆಯ ಚೀಟಿಗಳನ್ನು ಓದಿ ಹೇಳೆಂದು ಅಮ್ಮ ಕೂಡಲೇ ಫೋನು ಮಾಡಿದರು.