ಹೆಣ್ಣುಮಕ್ಕಳಿಗೆ ಬೇರೆ ಗುಂಪು ಯಾಕೆ? ನಮ್ಮ ಬ್ಯಾಚ್ ಗ್ರೂಪ್‌ನಲ್ಲಿ ಭಾನುವಾರ ನಡೆದ ಚರ್ಚೆ

ಸುಮಾ: (ಫಾರ್ವರ್ಡ್) "ನಮ್ಮ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್) ಬಳಗದಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಗುಂಪು ಶುರು ಮಾಡುತ್ತಿದ್ದೇವೆ. ಮೊದಲ ಪ್ಯಾಚ್ (ಕೋಡಿಗೆ ಮಾಡಿದ ತಿದ್ದುಪಡಿ) ಮರ್ಜ್ ಆಗುವವರೆಗೂ, ಅಂದರೆ ಪ್ರಾಜೆಕ್ಟಿಗೆ ಸೇರುವವರೆಗೂ, ಜೊತೆಗಿರುತ್ತೇವೆ. ತಿಂಗಳಿಗೊಮ್ಮೆ ಶನಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಭೇಟಿ, ಉಳಿದ ದಿನ ಆನ್‌ಲೈನ್. ಮಕ್ಕಳನ್ನು ಕರೆದುಕೊಂಡು ಬರಬಹುದು. ಕಲಿಸುವವರು ಯಾರಾದರೂ ಸರಿ, ಗಂಡಸರೂ ಬನ್ನಿ."

ಸುಮಾ: ನಾವೇ ನಾಲ್ಕು ಜನ ಸೇರಿ ಮಾಡುತ್ತಿರುವುದು. ನಿಮ್ಮ ಟೀಮಿನಲ್ಲಿ, ನೆಂಟರಲ್ಲಿ ಆಸಕ್ತಿ ಇರುವ ಹುಡುಗಿಯರಿದ್ದರೆ ಇದನ್ನು ಕಳಿಸಿ, ಪ್ಲೀಸ್.

ನಾಗೇಶ: ತುಂಬಾ ಒಳ್ಳೆ ಕೆಲಸ. ನನ್ನ ಅಣ್ಣನ ಮಗಳಿಗೆ ಕಳಿಸಿದೆ.

ರಘು: ಒಳ್ಳೆಯದು ಸುಮಾ. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಓಪನ್ ಸೋರ್ಸ್‌ಗೆ ಯಾರು ಬೇಕಾದರೂ ಕೋಡ್ ಕಳಿಸಬಹುದು. ಇಂಟರ್‌ವ್ಯೂ ಇಲ್ಲ, ಶಿಫಾರಸು ಇಲ್ಲ, ಮುಖ ಕೂಡ ಕಾಣುವುದಿಲ್ಲ. ಇಲ್ಲೂ ಬೇರೆ ಪಂಕ್ತಿ ಹಾಕಬೇಕಾ?

ಇಮ್ರಾನ್: ನನಗೂ ಅದೇ ಅನಿಸಿತು. ಬಾಗಿಲು ತೆಗೆದೇ ಇದೆ ಅಲ್ವಾ?

ಸುಮಾ: ತೆಗೆದಿದೆ ಅಂತ ನಾವು ಅಂದುಕೊಂಡಿದ್ದೇವೆ ಇಮ್ರಾನ್. 2017ರಲ್ಲಿ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನವರೇ ಓಪನ್ ಸೋರ್ಸ್ ಜನರ ಸಮೀಕ್ಷೆ ಮಾಡಿದರು. ಉತ್ತರ ಕೊಟ್ಟವರಲ್ಲಿ ಶೇ. 95 ಗಂಡಸರು, ಶೇ. 3 ಹೆಂಗಸರು. ನಮ್ಮ ಐಟಿ ಕಂಪನಿಗಳಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ ನೋಡು. ಕೋಡ್ ಬರೆಯಲು ಬರುವವರು ಇಲ್ಲಿಗೆ ಯಾಕೆ ಬರುತ್ತಿಲ್ಲ?

ರಘು: ಆಸಕ್ತಿ ಇಲ್ಲದಿರಬಹುದು. ಸಂಬಳ ಇಲ್ಲದ ಕೆಲಸ. ಆಫೀಸು ಮುಗಿಸಿ ರಾತ್ರಿ ಕೂತು ಮಾಡಬೇಕು. ಅದನ್ನು ಗುಂಪು ಕಟ್ಟಿ ಸರಿಮಾಡಲು ಆಗುವುದಿಲ್ಲ.

ಸುಮಾ: ಆಸಕ್ತಿ ಇಲ್ಲ ಅನ್ನುವುದಕ್ಕೆ ಉತ್ತರ ಗ್ನೋಮ್ ಅನ್ನುವ ಓಪನ್ ಸೋರ್ಸ್ ಪ್ರಾಜೆಕ್ಟಿನವರ ಹತ್ತಿರ ಇದೆ. ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು ಓಪನ್ ಸೋರ್ಸ್ ಕೋಡ್ ಬರೆಸುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ 2006ರಲ್ಲಿ ಅವರಿಗೆ 181 ಅರ್ಜಿ ಬಂದವು. ಒಂದೂ ಹೆಣ್ಣುಮಕ್ಕಳದ್ದಲ್ಲ. ಅವರಿಗೆ ಅದು ಚುಚ್ಚಿತು. ಅದೇ ಬೇಸಿಗೆಯಲ್ಲಿ ಹೆಣ್ಣುಮಕ್ಕಳಿಗೆ ಅಂತಲೇ ಅದೇ ಥರದ ಇನ್ನೊಂದು ಕಾರ್ಯಕ್ರಮ ಮಾಡಿದರು. ಪ್ರಕಟಣೆಯಲ್ಲಿ ಪೈಪೋಟಿ ಎಷ್ಟು ಕಠಿಣ ಅಂತ ಬರೆಯಲಿಲ್ಲ. ಕಲಿಯಬಹುದು, ಪಕ್ಕದಲ್ಲಿ ಮೆಂಟರ್ ಇರುತ್ತಾರೆ ಅಂತ ಬರೆದರು. 6 ಸೀಟಿಗೆ 100ಕ್ಕೂ ಜಾಸ್ತಿ ಅರ್ಜಿ ಬಂತು! ಅವರೆಲ್ಲ ಆ ಬೇಸಿಗೆಯಲ್ಲೇ ಹುಟ್ಟಿ ಬಂದವರಲ್ಲ ಕಣೋ.

ರಘು: ದುಡ್ಡು ಕೊಟ್ಟಿದ್ದಾರೆ, ಬಂದಿದ್ದಾರೆ.

ಸುಮಾ: ಸಮ್ಮರ್ ಆಫ್ ಕೋಡ್‌ನಲ್ಲೂ ದುಡ್ಡು ಇತ್ತಲ್ಲ. ಬದಲಾಗಿದ್ದು ಕರೆದ ರೀತಿ. 2010ರಲ್ಲಿ ಅದನ್ನೇ ಮತ್ತೆ ಶುರು ಮಾಡಿದರು, ಆಮೇಲೆ ಬೇರೆ ಪ್ರಾಜೆಕ್ಟುಗಳೂ ಸೇರಿಕೊಂಡವು. ಇವತ್ತಿನ ಔಟ್‌ರೀಚಿ ಅನ್ನುವ ಇಂಟರ್ನ್‌ಶಿಪ್ ಕಾರ್ಯಕ್ರಮ ಅದೇ. ಲಿನಕ್ಸ್ ಕರ್ನಲ್‌ಗೂ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅಲ್ಲಿಂದ ಹುಡುಗಿಯರು ಬಂದಿದ್ದಾರೆ.

ವೀಣಾ: ನಾನು ರಘು ಕಡೆ. ಹತ್ತು ವರ್ಷಕ್ಕಿಂತ ಜಾಸ್ತಿ ಹಾರ್ಡ್‌ವೇರ್ ನಡೆಸುವ ಡ್ರೈವರ್ ಕೋಡ್ ಬರೆಯುತ್ತಿದ್ದೇನೆ. ಯಾರೂ ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋಗಲಿಲ್ಲ. "ಮಹಿಳಾ ಡೆವಲಪರ್" ಅಂತ ಕರೆಸಿಕೊಳ್ಳುವುದು ನನಗೆ ಇಷ್ಟ ಇಲ್ಲ. ಗುಂಪು ಅಂತ ಮಾಡಿದ ತಕ್ಷಣ ಜನ ಅಂದುಕೊಳ್ಳುತ್ತಾರೆ, ಇವಳಿಗೆ ವಿನಾಯಿತಿ ಕೊಟ್ಟಿದ್ದಾರೆ ಅಂತ.

ರಘು: ಅದೇ ನಾನು ಹೇಳಿದ್ದು. ಕೋಡ್ ಚೆನ್ನಾಗಿದ್ದರೆ ಮರ್ಜ್ ಆಗುತ್ತದೆ. ಬರೆದವರು ಯಾರು ಅಂತ ಯಾರು ನೋಡುತ್ತಾರೆ?

ಸುಮಾ: ನೋಡುತ್ತಾರೆ. ಗಿಟ್‌ಹಬ್‌ನ ಲಕ್ಷಾಂತರ ಪುಲ್ ರಿಕ್ವೆಸ್ಟ್‌ಗಳನ್ನು (ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗಳು) ತೆಗೆದುಕೊಂಡು ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಹೆಂಗಸರ ಕೋಡೇ ಜಾಸ್ತಿ ಮರ್ಜ್ ಆಗಿದೆ. ಅವರದ್ದು ನೂರಕ್ಕೆ 78ಕ್ಕಿಂತ ಸ್ವಲ್ಪ ಮೇಲೆ, ಗಂಡಸರದ್ದು 74ಕ್ಕಿಂತ ಸ್ವಲ್ಪ ಮೇಲೆ. ಈಗ ಇದನ್ನು ಓದು. ಪ್ರಾಜೆಕ್ಟಿಗೆ ಹೊಸಬಳು, ಪ್ರೊಫೈಲ್ ನೋಡಿದರೆ ಹೆಣ್ಣು ಅಂತ ಗೊತ್ತಾಗುತ್ತದೆ ಅಂದಾಗ ಲೆಕ್ಕ ತಿರುಗಿಬಿಡುತ್ತದೆ. ಗಂಡಸರಿಗಿಂತ ಕಡಿಮೆ ಮರ್ಜ್ ಆಗುತ್ತದೆ. ವೀಣಾ, ನೀನು ಒಳಗಿನವಳು. ನಿನ್ನ ಹೆಸರು ಎಲ್ಲರಿಗೂ ಗೊತ್ತು. ಪೆಟ್ಟು ಬೀಳುವುದು ಮೊದಲ ಪ್ಯಾಚ್ ಕಳಿಸುವವಳಿಗೆ.

ಗೀತಾ: ನಾನು ಹಾಸನದಲ್ಲಿ ಪಾಠ ಮಾಡುವವಳು, ಇಲ್ಲಿ ಒಂದು ಮಾತು ಹೇಳುತ್ತೇನೆ. ನನ್ನ ಕ್ಲಾಸಿನ ಹುಡುಗಿಯರು ಗಿಟ್‌ಹಬ್‌ನಲ್ಲಿ ಗಂಡು ಹೆಸರಿನ ಖಾತೆ ಮಾಡಿಕೊಂಡಿದ್ದಾರೆ. ಯಾಕಮ್ಮ ಅಂದರೆ, "ಮೇಡಂ, ಇಲ್ಲದಿದ್ದರೆ ಸುಮ್ನೆ ಮೆಸೇಜ್ ಮಾಡುತ್ತಾರೆ" ಅನ್ನುತ್ತಾರೆ.

ಇಮ್ರಾನ್: ನಿಜವಾಗಲೂ?

ಸುಮಾ: ಹೊಸದೇನಲ್ಲ. 2006ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಐಆರ್‌ಸಿ ಅನ್ನುವ ಹಳೆಯ ಚಾಟ್ ವ್ಯವಸ್ಥೆಯ ರೂಮುಗಳಿಗೆ ನಕಲಿ ಹೆಸರುಗಳನ್ನು ಬಿಟ್ಟು ಲೆಕ್ಕ ಹಾಕಿದರು. ಹೆಣ್ಣು ಹೆಸರಿಗೆ ದಿನಕ್ಕೆ ಸರಾಸರಿ 100 ಅಶ್ಲೀಲ ಅಥವಾ ಬೆದರಿಕೆಯ ಮೆಸೇಜ್. ಗಂಡು ಹೆಸರಿಗೆ 3.7. ಆಗ ಓಪನ್ ಸೋರ್ಸ್‌ನವರು ಮಾತಾಡುತ್ತಿದ್ದುದೇ ಐಆರ್‌ಸಿಯಲ್ಲಿ. ಲಿನಕ್ಸ್‌ಚಿಕ್ಸ್ ಅಂತ 1998ರಲ್ಲಿ ಹೆಂಗಸರು ಒಂದು ಬಳಗ ಕಟ್ಟಿಕೊಂಡಾಗ ಇಟ್ಟುಕೊಂಡ ನಿಯಮ ಎರಡೇ. ಮರ್ಯಾದೆಯಿಂದ ಮಾತಾಡಿ, ಸಹಾಯ ಮಾಡಿ. ಇಷ್ಟಕ್ಕೇ ಬೇರೆ ಜಾಗ ಬೇಕಾಗಿತ್ತು ಅಂದರೆ ಉಳಿದ ಕಡೆ ಹೇಗಿತ್ತು ಯೋಚನೆ ಮಾಡಿ.

ರಘು: ಕೆಟ್ಟದಾಗಿ ಮಾತಾಡುವವರನ್ನು ಹೊರಗೆ ಹಾಕಲಿ. ನಾನೇ ಮುಂದೆ ನಿಲ್ಲುತ್ತೇನೆ. ಆದರೆ ಎಲ್ಲರೂ ಹಾಗಿರುವುದಿಲ್ಲ.

ಸುಮಾ: ಇಲ್ಲ ರಘು, ಹೆಚ್ಚಿನವರು ಒಳ್ಳೆಯವರೇ. ಒಳ್ಳೆಯವರ ಕಥೆಯನ್ನೇ ಹೇಳುತ್ತೇನೆ. ಒಂದು ಮೀಟಪ್‌ನಲ್ಲಿ ನನ್ನ ಕೋಡ್ ಬಿಲ್ಡ್ ಆಗುತ್ತಿರಲಿಲ್ಲ, ಅಂದರೆ ಓಡುವ ಪ್ರೋಗ್ರಾಂ ಆಗುತ್ತಿರಲಿಲ್ಲ. ಪಕ್ಕದವರನ್ನು ಕೇಳಿದೆ. ಪಾಪ, ಸಹಾಯ ಮಾಡಲೇ ಬಂದರು. ಲ್ಯಾಪ್‌ಟಾಪ್ ತಮ್ಮ ಕಡೆಗೆ ತಿರುಗಿಸಿಕೊಂಡರು. ಟಕಟಕ ಅಂತ ಏನೋ ಟೈಪ್ ಮಾಡಿದರು, ಸ್ಕ್ರೀನ್ ತುಂಬ ಅಕ್ಷರ ಓಡಿತು, "ಆಯ್ತು" ಅಂದು ಎದ್ದು ಹೋದರು. ಬಿಲ್ಡ್ ಆಯಿತು. ಏನು ತಪ್ಪಿತ್ತು, ಏನು ಸರಿಮಾಡಿದರು, ನನಗೆ ಗೊತ್ತಾಗಲೇ ಇಲ್ಲ. ಮನೆಗೆ ಬಂದು ಮಾಡಿದರೆ ಮತ್ತೆ ಅದೇ ಎರರ್. ಅದೇ ಸಾಲಿನಲ್ಲಿ ಕೂತ ಹುಡುಗನಿಗೆ ಅವರೇ "ಈ ಲಾಗ್ ಓದು, ಮೂರನೇ ಸಾಲು ನೋಡು" ಅಂತ ಬಾಯಲ್ಲಿ ಹೇಳಿಕೊಟ್ಟಿದ್ದರು. ಲಿನಕ್ಸ್ ಡೆವಲಪರ್ ವ್ಯಾಲರಿ ಅರೋರಾ 2002ರಲ್ಲೇ ಬರೆದಿದ್ದಾರೆ, ಹೆಂಗಸರ ಕೈಯಿಂದ ಕೀಬೋರ್ಡ್ ಕಿತ್ತುಕೊಳ್ಳಬೇಡಿ ಅಂತ.

ನಾಗೇಶ: ಇದು ನಮ್ಮ ಕಾಲೇಜ್ ಲ್ಯಾಬ್‌ನಲ್ಲೂ ಆಗುತ್ತಿತ್ತು. ಹುಡುಗಿಯರು ರೆಕಾರ್ಡ್ ಬರೆಯುವುದು, ನಾವು ಸರ್ಕ್ಯೂಟ್ ಜೋಡಿಸುವುದು.

ವೀಣಾ: ಹೂಂ, ಇದನ್ನು ನಾನೂ ನೋಡಿದ್ದೇನೆ. ಸರಿ ಸುಮಾ, ಹಾಗಾದರೆ ನನ್ನ ನಿಜವಾದ ಸಿಟ್ಟು ಹೇಳುತ್ತೇನೆ. ತೊಂದರೆ ಇರುವುದು ಬಂದ ಕೋಡ್ ನೋಡಿ ರಿವ್ಯೂ ಮಾಡುವವರಲ್ಲಿ. ಅದನ್ನು ಸರಿಮಾಡುವ ಕೆಲಸ ಮಾತ್ರ ಹೆಂಗಸರ ತಲೆಗೆ. ಎಲ್ಲಿ ನೋಡಿದರೂ ಹಾಲ್ ಬುಕ್ ಮಾಡುವುದು, ಊಟ ಹೇಳುವುದು, ನೋಂದಣಿ ಟೇಬಲ್ಲಿಗೆ ಕೂರುವುದು ನಾವೇ. ಆ ಹೊತ್ತಿನಲ್ಲಿ ಗಂಡಸರು ಕೋಡ್ ಬರೆಯುತ್ತಿರುತ್ತಾರೆ. ವರ್ಷದ ಕೊನೆಗೆ ಅವರ ಹೆಸರಲ್ಲಿ ಕಮಿಟ್ (ದಾಖಲಾದ ಕೋಡ್) ಇರುತ್ತದೆ, ನಮ್ಮ ಹೆಸರಲ್ಲಿ ಬ್ಯಾನರ್ ಫೋಟೋ. ನಿಮ್ಮ ನಾಲ್ಕು ಜನರಲ್ಲಿ ಈ ವರ್ಷ ಎಷ್ಟು ಪ್ಯಾಚ್ ಕಳಿಸುತ್ತೀರಿ, ಬರೆದಿಟ್ಟುಕೋ.

ಗೀತಾ: ವೀಣಾ ಹೇಳಿದ್ದು ಸರಿ ಇದೆ.

ಸುಮಾ: ನೂರಕ್ಕೆ ನೂರು ಸರಿ. ನನಗೆ ಇರುವ ಭಯವೇ ಅದು. ಇದೇ ವ್ಯಾಲರಿ ಅರೋರಾ, ಮೇರಿ ಗಾರ್ಡಿನರ್ ಸೇರಿ 2011ರಲ್ಲಿ ಓಪನ್ ಸೋರ್ಸ್‌ನ ಹೆಂಗಸರಿಗಾಗಿ ಏಡಾ ಇನಿಶಿಯೇಟಿವ್ ಅನ್ನುವ ಸಂಸ್ಥೆ ಶುರು ಮಾಡಿದರು. ಸಮ್ಮೇಳನಗಳಲ್ಲಿ ಕಿರುಕುಳದ ವಿರುದ್ಧ ನೀತಿ ಬರಲು ಅವರು ಪಟ್ಟ ಪಾಡು ದೊಡ್ಡದು. 2015ರಲ್ಲಿ ಮುಚ್ಚಿದರು. ಮುಂದೆ ನಡೆಸುವವರು ಸರಿಯಾಗಿ ಸಿಗಲಿಲ್ಲ. ಇಬ್ಬರು ಮೂವರ ಹೆಗಲ ಮೇಲೆ ಎಲ್ಲ ಹಾಕಿದರೆ ಹೀಗೇ ಆಗುವುದು.

ಸುಮಾ: ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವವರ ಸಮ್ಮೇಳನ ಪೈಕಾನ್‌ನಲ್ಲಿ ಏನಾಯಿತು ಅಂತಲೂ ನೋಡಿ. ಅಮೆರಿಕದ ಪೈಕಾನ್‌ನಲ್ಲಿ 2011ರಲ್ಲಿ ಮಾತಾಡಿದವರಲ್ಲಿ ಹೆಂಗಸರು ಶೇ. 1. 2016ಕ್ಕೆ ಶೇ. 40! ಪೈಥಾನ್ ಬರೆಯುವ ಹೆಂಗಸರ ಪೈಲೇಡೀಸ್ ಥರದ ಗುಂಪುಗಳು ಮಾತಾಡುವ ಅಭ್ಯಾಸ ಮಾಡಿಸಿದವು, ನಿಜ. ಅದರ ಜೊತೆಗೆ ಸಮ್ಮೇಳನ ನಡೆಸುವವರೇ ಒಬ್ಬೊಬ್ಬರಿಗೂ ಮೇಲ್ ಬರೆದು "ನೀವು ಮಾತಾಡಿ, ಪ್ರಸ್ತಾವ ಕಳಿಸಿ" ಅಂತ ಕೇಳಿದರು. ಹೊರಗಿನ ಗುಂಪು ಒಂದೇ ಆಗಿದ್ದರೆ ಇಷ್ಟು ಆಗುತ್ತಿರಲಿಲ್ಲ. ಡೆಬಿಯನ್ ಅನ್ನುವ ಲಿನಕ್ಸ್ ಪ್ರಾಜೆಕ್ಟಿನ ಹೆಂಗಸರ ಗುಂಪು ಡೆಬಿಯನ್ ವಿಮೆನ್ 2004ರಲ್ಲಿ ಶುರುವಾದಾಗಲೂ ಗಂಡಸರಿಗೆ ಬಾಗಿಲು ಹಾಕಲಿಲ್ಲ. ರಘು, ಆದ್ದರಿಂದಲೇ ನಿನ್ನನ್ನು ನೇರವಾಗಿ ಕೇಳುತ್ತೇನೆ. ನೀನು ಒಂದು ಪ್ರಾಜೆಕ್ಟಿನ ಮೇಂಟೇನರ್, ಬಂದ ಪ್ಯಾಚ್ ಸೇರಿಸಬೇಕೋ ಬೇಡವೋ ತೀರ್ಮಾನ ಮಾಡುವವನು. ಹೊಸಬರ ಪ್ಯಾಚ್ ನಿನ್ನ ಹತ್ತಿರ ಎಷ್ಟು ದಿನ ಬಿದ್ದಿರುತ್ತದೆ?

ರಘು: ಕೆಲವು ಸಲ ತಿಂಗಳು. ಕೆಲಸ ಜಾಸ್ತಿ ಕಣೇ. ಹುಡುಗರದ್ದೂ ಹಾಗೇ ಬಿದ್ದಿರುತ್ತದೆ.

ಸುಮಾ: ಹುಡುಗ ಏನಾಯಿತು ಅಂತ ಮತ್ತೆ ಪಿಂಗ್ ಮಾಡುತ್ತಾನೆ. ಮೂರು ಸಲ ಮಾಡುತ್ತಾನೆ. ಹುಡುಗಿ, ನನ್ನದೇ ತಪ್ಪಿರಬೇಕು ಅಂದುಕೊಂಡು ಬಿಟ್ಟುಬಿಡುತ್ತಾಳೆ. ಗೀತಾ, ಹೌದಾ ಅಲ್ವಾ?

ಗೀತಾ: ಹೌದು. ಕಳೆದ ವರ್ಷ ಒಬ್ಬಳು ಕನ್ನಡ ಅನುವಾದದ ಪ್ಯಾಚ್ ಕಳಿಸಿ ಕಾದಳು, ಕಾದಳು. ಉತ್ತರ ಬರಲಿಲ್ಲ. ಆಮೇಲೆ ಕೇಳಿದರೆ, "ಬಿಡಿ ಮೇಡಂ, ನನಗೆ ಬರುವುದಿಲ್ಲ ಅದು" ಅಂದಳು. ಅವಳ ಕನ್ನಡ ನನ್ನದಕ್ಕಿಂತ ಚೆನ್ನಾಗಿದೆ.

ಇಮ್ರಾನ್: ಛೆ.

ಸುಮಾ: ನನಗೆ ಬೇಕಾಗಿರುವುದು ಇಷ್ಟೇ ರಘು. ನಿನ್ನ ಪ್ರಾಜೆಕ್ಟಿನಲ್ಲಿ ಹೊಸಬರು ಮಾಡಬಹುದಾದ ಸಣ್ಣ ಬಗ್‌ಗಳಿಗೆ ಗುರುತು ಹಾಕು. ನಮ್ಮ ಗುಂಪಿನಿಂದ ಬಂದ ಪ್ಯಾಚ್‌ಗೆ ಮೂರು ದಿನದಲ್ಲಿ ಮೊದಲ ಉತ್ತರ ಕೊಡು. ತಪ್ಪಿದ್ದರೆ ತಪ್ಪು ಅಂತಲೇ ಬರಿ, ವಿನಾಯಿತಿ ಕೊಡಬೇಡ. ಎಲ್ಲಿ ತಪ್ಪು ಅಂತ ಮಾತ್ರ ಹೇಳು. ಚೆನ್ನಾಗಿ ಮಾಡುವವಳು ಸಿಕ್ಕರೆ ವರ್ಷದೊಳಗೆ ಅವಳಿಗೂ ರಿವ್ಯೂ ಮಾಡುವ ಅಧಿಕಾರ ಕೊಡು. ಹಾಲ್, ಊಟದ ಕೆಲಸ ನಾಗೇಶ ಮತ್ತು ಇಮ್ರಾನ್ ಮಾಡಲಿ.

ನಾಗೇಶ: ಮಾಡುತ್ತೇನೆ. ಜಯನಗರದಲ್ಲಿ ನಮ್ಮ ಆಫೀಸಿನ ಮೀಟಿಂಗ್ ರೂಮ್ ಶನಿವಾರ ಖಾಲಿ ಇರುತ್ತದೆ, ಕೇಳಿ ಹೇಳುತ್ತೇನೆ. ಮೆಟ್ರೋದಿಂದ ನಡೆದು ಬರಬಹುದು.

ಇಮ್ರಾನ್: ತಿಂಡಿ ನನ್ನದು.

ರಘು: ಬೇರೆ ಗುಂಪು ಬೇಕು ಅನ್ನುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ನನ್ನ ಲೆಕ್ಕದಲ್ಲಿ ಮೂರು ದಿನದ ಉತ್ತರ ಎಲ್ಲ ಹೊಸಬರಿಗೂ ಸಿಗಬೇಕು, ನಿನ್ನ ಗುಂಪಿಗೆ ಮಾತ್ರ ಅಲ್ಲ.

ಸುಮಾ: ಹಾಗೇ ಮಾಡು! ನನಗೆ ಇನ್ನೂ ಖುಷಿ.

ರಘು: ಸರಿ. ಬುಧವಾರದೊಳಗೆ ಬಗ್ ಪಟ್ಟಿ ಹಾಕುತ್ತೇನೆ. ಹತ್ತು ಹನ್ನೆರಡು ಸಿಗಬಹುದು. ರಿವ್ಯೂ ಅಧಿಕಾರದ ವಿಷಯ ನಾನೊಬ್ಬನೇ ತೀರ್ಮಾನ ಮಾಡಲು ಆಗುವುದಿಲ್ಲ, ಇನ್ನಿಬ್ಬರು ಮೇಂಟೇನರ್‌ಗಳನ್ನು ಕೇಳಬೇಕು.

ವೀಣಾ: ಪಟ್ಟಿಯಲ್ಲಿ ಡಾಕ್ಯುಮೆಂಟೇಶನ್ ಒಂದೇ ತುಂಬಬೇಡ. ನಿಜವಾದ ಕೋಡ್ ಬಗ್ ಹಾಕು. ಸುಮಾ, ಸಭೆಗೆಲ್ಲ ನಾನು ಬರುವುದಿಲ್ಲ. ಸಿ ಕೋಡ್ ಇದ್ದರೆ ನನಗೆ ಕಳಿಸು, ನೋಡಿಕೊಡುತ್ತೇನೆ.

ಸುಮಾ: ಅಷ್ಟು ಸಾಕು ಕಣೇ, ದೊಡ್ಡ ಉಪಕಾರ.

ಗೀತಾ: ನನ್ನ ಹುಡುಗಿಯರು ಆನ್‌ಲೈನ್ ಸೇರುತ್ತಾರೆ. ಒಂದೇ ಕಷ್ಟ. ಹಾಸ್ಟೆಲ್‌ನಲ್ಲಿ ವೈಫೈ ಇಲ್ಲ, ಮೊಬೈಲ್ ಡೇಟಾ ದಿನಕ್ಕೆ ಒಂದೂವರೆ ಜಿಬಿ. ದೊಡ್ಡ ಪ್ರಾಜೆಕ್ಟ್ ಇಳಿಸಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ.

ರಘು: ಕೋಡಿನ ಹಳೆಯ ಬದಲಾವಣೆಗಳ ಪೂರ್ತಿ ಹಿಸ್ಟರಿ ಬೇಡ ಗೀತಾ. ಗಿಟ್ ಕ್ಲೋನ್ (ಪ್ರಾಜೆಕ್ಟ್ ಇಳಿಸುವ ಕಮಾಂಡ್) ಮಾಡುವಾಗ ಡೆಪ್ತ್ 1 ಅಂತ ಕೊಡಲಿ, ಈಗಿನ ಫೈಲ್‌ಗಳು ಮಾತ್ರ ಬರುತ್ತವೆ. ನಮ್ಮದು ಹಾಗೆ ಇಳಿಸಿದರೆ ಒಂದು ದಿನದ ಡೇಟಾದಲ್ಲೇ ಮುಗಿಯುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ನನ್ನ ನಂಬರ್ ಕೊಡು.